ಹೊಗೆ ಯಾರಿಗೆ, ಹಣ ಯಾರಿಗೆ?

ಕಳೆದ ವರ್ಷ ಒಂದು ಭಾನುವಾರ ಬಲಿಪೂಜೆ ಮುಗಿದ ಮೇಲೆ ಧರ್ಮಕೇಂದ್ರದ ಯುವತಿಯೊಬ್ಬಳು ಗುರುನಿವಾಸದ ಜಗಲಿಯಲ್ಲಿ ನನಗಾಗಿ ಕಾದು ಕುಳಿತಿದ್ದಳು. ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮುಗಿಸಿದವಳು. ತಾಯಿ ಸಂತೆಯಲ್ಲಿ ತರಕಾರಿ ಮಾರುವವರು. ಬೆಲೆ ಬಿದ್ದ ದಿನ ಬುಟ್ಟಿಗಟ್ಟಲೆ ಟೊಮೆಟೊವನ್ನು ರಸ್ತೆಬದಿಗೆ ಸುರಿದು ಬರಿಗೈಯಲ್ಲಿ ಮನೆಗೆ ಬರುವ ತಾಯಿಯನ್ನು ಬಾಲ್ಯದಿಂದಲೂ ನೋಡಿ ಬೆಳೆದ ಈಕೆ, ಬಿಸಿಲಿನ ಶಾಖದಿಂದಲೇ ತರಕಾರಿ ಒಣಗಿಸುವ ಪೆಟ್ಟಿಗೆಯೊಂದನ್ನು ತಯಾರಿಸಿದ್ದಳು. ಅದಕ್ಕೆ ಸೌದೆ ಬೇಡ, ವಿದ್ಯುತ್ತು ಬೇಡ. ಕೊಳೆತು ಹೋಗುವ ತರಕಾರಿ ಉಳಿಯುತ್ತದೆ. ಹವಾಮಾನ ಬದಲಾವಣೆಗೆ ಪರಿಹಾರ ಹುಡುಕುವ ನವೋದ್ಯಮಗಳಿಗೆ ಹಣ ಹೂಡುವವರು ಬೆಂಗಳೂರಿನಲ್ಲಿ ಕರೆದಿದ್ದ ಸಭೆಯೊಂದರಲ್ಲಿ ಅವಳಿಗೂ ಹತ್ತು ನಿಮಿಷದ ಅವಕಾಶ ದೊರೆತಿತ್ತು.

ಹೇಗಾಯಿತಮ್ಮಾ ಎಂದು ವಿಚಾರಿಸಿದೆ. "ಪೆಟ್ಟಿಗೆ ಹೇಗೆ ಕೆಲಸ ಮಾಡುತ್ತೆ ಅಂತ ಒಬ್ಬರೂ ಕೇಳಲಿಲ್ಲ ಫಾದರ್. ಯಾವ ಕಾಲೇಜು ಅಂದರು. ಜೊತೆಗೆ ಯಾರಿದ್ದಾರೆ ಅಂದರು. ಮದುವೆ ಆದಮೇಲೆ ಇದನ್ನ ಯಾರು ನೋಡಿಕೊಳ್ತಾರೆ ಅಂದರು. ನನಗಿಂತ ಮುಂಚೆ ಮಾತಾಡಿದ ಹುಡುಗನಿಗೆ, ಐದು ವರ್ಷದಲ್ಲಿ ಎಷ್ಟು ರಾಜ್ಯಕ್ಕೆ ಹೋಗ್ತೀರಿ ಅಂತ ಕೇಳಿದರು" ಎಂದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ನೋಯಿಸಿತು.

ಈ ಸಂಗತಿಯನ್ನು ನಾನು ನಮ್ಮ ಪಾಲನಾ ಪರಿಷತ್ತಿನ ಸದಸ್ಯರೊಬ್ಬರಿಗೆ ತಿಳಿಸಿದೆ. ಹಣಕಾಸು ಕಂಪನಿಯಲ್ಲಿ ಉನ್ನತ ಹುದ್ದೆಯಲ್ಲಿರುವವರು, ಉದಾರಿಗಳು, ಸಜ್ಜನರು. ಅವರು ನಕ್ಕು ಹೀಗೆಂದರು: "ಬಂಡವಾಳ ಮುಖ ನೋಡುವುದಿಲ್ಲ ಫಾದರ್, ಪ್ರತಿಭೆ ನೋಡುತ್ತದೆ. ಭೂಮಿ ಕಾದ ಹಂಚಾಗುತ್ತಿದೆ. ಮನೆಗೆ ಬೆಂಕಿ ಬಿದ್ದಿರುವಾಗ ನೀರು ತಂದವರು ಗಂಡೋ ಹೆಣ್ಣೋ, ಯಾವ ಜಾತಿಯೋ ಎಂದು ಲೆಕ್ಕ ಹಾಕುತ್ತ ಕೂರಲಾಗುತ್ತದೆಯೇ? ಅಮೆರಿಕದವರೇ ಈ ವೈವಿಧ್ಯದ ಮಾತನ್ನೆಲ್ಲ ಕೈಬಿಟ್ಟಿದ್ದಾರೆ." ವಿದ್ಯಾವಂತರಾದ ನಮ್ಮ ಅನೇಕ ಕುಟುಂಬಗಳಲ್ಲಿ ಇಂದು ಊಟದ ಹೊತ್ತಿನಲ್ಲಿ ಕೇಳಿಬರುವ ಮಾತೇ ಇದು. ಆದ್ದರಿಂದ ಅವರಿಗೆ ಅಂದು ಹೇಳದೆ ಉಳಿದ ಉತ್ತರವನ್ನು ಇಲ್ಲಿ ಎಲ್ಲರ ಮುಂದಿಡುತ್ತಿದ್ದೇನೆ.

ಮೊದಲನೆಯದು, ಬಂಡವಾಳ ಮುಖ ನೋಡುವುದಿಲ್ಲ ಎಂಬ ಮಾತು. ಇದು ನಿಜವಲ್ಲ. 2014ರಲ್ಲಿ ಹಾರ್ವರ್ಡ್ ಮುಂತಾದ ವಿದ್ಯಾಸಂಸ್ಥೆಗಳ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶವನ್ನು ಪ್ರಕಟಿಸಿದರು. ಉದ್ಯಮದ ವಿವರಣೆಗಳಿಗೆ ಗಂಡುದನಿ, ಹೆಣ್ಣುದನಿಗಳನ್ನು ಅದಲುಬದಲಾಗಿ ಜೋಡಿಸಿ ಜನರಿಗೆ ಕೇಳಿಸಿದರು. ಪದಗಳು ಅವೇ, ದನಿ ಮಾತ್ರ ಬೇರೆ. ಹಣ ಹೂಡುವುದಾದರೆ ಯಾವುದಕ್ಕೆ ಎಂದು ಕೇಳಿದಾಗ ನೂರಕ್ಕೆ 68 ಮಂದಿ ಗಂಡುದನಿಯ ವಿವರಣೆಯನ್ನು ಆರಿಸಿದರು. ಹೆಣ್ಣುದನಿಗೆ ಉಳಿದದ್ದು 32. ನ್ಯೂಯಾರ್ಕಿನ ಪ್ರಸಿದ್ಧ ನವೋದ್ಯಮ ಸ್ಪರ್ಧೆಯೊಂದರ ಪ್ರಶ್ನೋತ್ತರಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನವಿದೆ. ಗಂಡಸರಿಗೆ ಹೂಡಿಕೆದಾರರು ಹೆಚ್ಚಾಗಿ ಗೆಲುವಿನ ಪ್ರಶ್ನೆ ಕೇಳುತ್ತಾರೆ, ಹೆಂಗಸರಿಗೆ ಸೋಲಿನ ಪ್ರಶ್ನೆ. ಗೆಲುವಿನ ಪ್ರಶ್ನೆ ಎದುರಿಸಿದವರಿಗೆ ಮುಂದೆ ಹೆಚ್ಚು ಹಣ ದೊರೆಯುತ್ತದೆ ಎಂಬುದು ಅದರ ಸಾರ. ಹಾಗೆ ಕೇಳಿದವರಲ್ಲಿ ಸ್ತ್ರೀ ಹೂಡಿಕೆದಾರರೂ ಇದ್ದರೆಂಬುದು ಗಮನಾರ್ಹ. ನಮ್ಮ ಹುಡುಗಿ ಬೆಂಗಳೂರಿನಲ್ಲಿ ಕಂಡದ್ದು ಇದನ್ನೇ. ಅವಳು ಆ ಅಧ್ಯಯನವನ್ನು ಓದಿರಲಿಲ್ಲ, ಅಷ್ಟೇ.

ಜಾತಿಯ ಲೆಕ್ಕವೂ ನಮ್ಮ ದೇಶದಲ್ಲಿ ಮುಚ್ಚಿದ ಗುಟ್ಟಲ್ಲ. 2005ರ ಆರ್ಥಿಕ ಗಣತಿಯನ್ನು ಆಧರಿಸಿ ವಿದ್ವಾಂಸರು ಮಾಡಿದ ಲೆಕ್ಕಾಚಾರದಂತೆ, ಜನಸಂಖ್ಯೆಯಲ್ಲಿ ನೂರಕ್ಕೆ 16.4ರಷ್ಟಿದ್ದ ಪರಿಶಿಷ್ಟ ಜಾತಿಗಳವರ ಒಡೆತನದಲ್ಲಿದ್ದ ಉದ್ಯಮಗಳು ನೂರಕ್ಕೆ 9.8 ಮಾತ್ರ, ಪರಿಶಿಷ್ಟ ಪಂಗಡಗಳವರ ಪಾಲು 3.7. ಅವುಗಳಲ್ಲಿ ಬಹುಪಾಲು ಚಿಕ್ಕಪುಟ್ಟ ಕಸುಬುಗಳೇ. ಪ್ರತಿಭೆಯನ್ನು ದೇವರು ಜಾತಿ ನೋಡಿ ಹಂಚಿದ್ದಾನೆಂದು ನಂಬುವವರಿಗೆ ಈ ಅಂಕಿಗಳಿಂದ ತೊಂದರೆಯಾಗದು. ಹಾಗೆ ನಂಬದ ನಾವು ಉತ್ತರ ಹುಡುಕಲೇಬೇಕು.

ಹೂಡಿಕೆದಾರರೆಲ್ಲರೂ ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹೊಸ ಉದ್ಯಮಕ್ಕೆ ಹಳೆಯ ಲೆಕ್ಕಪತ್ರವಿರುವುದಿಲ್ಲ, ತೋರಿಸಲು ಲಾಭವಿರುವುದಿಲ್ಲ. ಆದ್ದರಿಂದ ಹಣ ಕೊಡುವವನು ಮನುಷ್ಯನನ್ನು ನೋಡಿ ಕೊಡುತ್ತಾನೆ. ಪರಿಚಯದವರು ಪರಿಚಯಿಸಿದವನಿಗೆ, ತಾನು ಓದಿದ ಕಾಲೇಜಿನಲ್ಲಿ ಓದಿದವನಿಗೆ, ತನ್ನಂತೆಯೇ ಇಂಗ್ಲಿಷ್ ಮಾತನಾಡುವವನಿಗೆ ಕೊಡುತ್ತಾನೆ. ಇದನ್ನು ಅವನು ವಿಶ್ವಾಸವೆಂದು ಕರೆಯುತ್ತಾನೆ. ಆ ವಿಶ್ವಾಸದ ವೃತ್ತದೊಳಗೆ ಹುಟ್ಟದವರಿಗೆ ಅದು ಬಾಗಿಲು ಮುಚ್ಚಿದ ಮನೆ. ಇಂಥ ಆಯ್ಕೆಗೆ ಪ್ರತಿಭೆಯೆಂಬ ಹೆಸರು ಕೊಡುವುದು ಆತ್ಮವಂಚನೆ.

ಇನ್ನು ಮನೆಗೆ ಬಿದ್ದ ಬೆಂಕಿಯ ಮಾತು. ಅವಸರವಿರುವುದರಿಂದಲೇ ಯಾರು ನೀರು ತರುತ್ತಾರೆಂದು ನೋಡಬಾರದೇ? ಬೆಂಕಿ ಎಲ್ಲಿ ಹತ್ತಿದೆ ಎಂಬುದನ್ನು ಮೊದಲು ಬಲ್ಲವರು ಒಳಗೆ ಇದ್ದವರು. ಅವರನ್ನು ಕೇಳದೆ ಎರಚಿದ ನೀರು ಗೋಡೆಗೆ ಬೀಳುತ್ತದೆ.

ಇದಕ್ಕೆ ನಮ್ಮ ಅಡಿಗೆಮನೆಯೇ ಸಾಕ್ಷಿ. 1980ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. 2002ರ ಹೊತ್ತಿಗೆ ಅದು ನಿಲ್ಲುವಾಗ ದೇಶದಲ್ಲಿ ಮೂರು ಕೋಟಿಗೂ ಮಿಕ್ಕಿ ಒಲೆಗಳನ್ನು ಹಾಕಿಸಲಾಗಿತ್ತೆಂದು ಲೆಕ್ಕ. ಸೌದೆ ಉಳಿಸುವ, ಹೊಗೆ ಕಡಿಮೆ ಮಾಡುವ ಒಳ್ಳೆಯ ಉದ್ದೇಶವೇ ಅದು. ಆದರೆ ಅವುಗಳಲ್ಲಿ ಬಹಳಷ್ಟು ಒಲೆಗಳು ಕೆಲವೇ ವರ್ಷಗಳಲ್ಲಿ ಮೂಲೆಗುಂಪಾದವು, ಇಲ್ಲವೇ ಒಡೆದು ಹೋದವು. ಗುರಿ ನಿಗದಿಯಾದದ್ದು ಮೇಲಿನಿಂದ. ಎಣಿಕೆಯಾದದ್ದು ಕಟ್ಟಿದ ಒಲೆಗಳು, ಉರಿದ ಒಲೆಗಳಲ್ಲ. ಮುದ್ದೆ ತಿರುವುವಾಗ ಪಾತ್ರೆ ಅಲುಗಬಾರದು, ರೊಟ್ಟಿಯ ಹಂಚಿಗೆ ಉರಿ ಹರಡಬೇಕು, ಮನೆಯಲ್ಲಿರುವುದು ಉದ್ದನೆಯ ಸೌದೆ, ಅದನ್ನು ಸಣ್ಣಗೆ ಸೀಳಲು ಪುರುಸೊತ್ತಿಲ್ಲ ಎಂಬ ಸಂಗತಿಗಳು ಪ್ರತಿದಿನ ಹೊಗೆ ಕುಡಿಯುವ ತಾಯಂದಿರಿಗೆ ಗೊತ್ತಿದ್ದವು. ಹಣ ಮಂಜೂರು ಮಾಡಿದ ಮೇಜಿನ ಸುತ್ತ ಅವರಿಗೆ ಕುರ್ಚಿ ಇರಲಿಲ್ಲ.

ಇದಕ್ಕೆ ಪ್ರತಿಯಾಗಿ ನಮ್ಮದೇ ನಾಡಿನ ಮತ್ತೊಂದು ಉದಾಹರಣೆಯನ್ನು ನೋಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರವನ್ನು ಸ್ಥಾಪಿಸಿದರು. ಹಿರಿಯ ಓದುಗರಿಗೆ ಅಸ್ತ್ರ ಒಲೆಯ ನೆನಪಿರಬಹುದು. ಅವರು ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರವನ್ನು ಕಟ್ಟಿದಾಗ ಅಡಿಗೆಗೆ ಅನಿಲ ಕೊಡುವುದೇ ಗುರಿಯಾಗಿತ್ತು. ಎಲ್ಲ ಮನೆಗಳ ಅಡಿಗೆಗೆ ಸಾಲುವಷ್ಟು ಅನಿಲ ಹುಟ್ಟಲಿಲ್ಲ, ಯೋಜನೆ ಕುಂಟಿತು. ಆಗ ವಿಜ್ಞಾನಿಗಳು ಊರವರ ಮಾತಿಗೆ ಕಿವಿಗೊಟ್ಟರು. ಅವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು. 1987ರಲ್ಲಿ ಅದೇ ಅನಿಲದಿಂದ ವಿದ್ಯುತ್ತು ತಯಾರಿಸಿ ಕೊಳವೆಬಾವಿಯ ನೀರನ್ನು ಮೇಲೆತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಊರವರು ಸಗಣಿ ತಂದುಕೊಟ್ಟು ಗೊಬ್ಬರವನ್ನು ಹಿಂದಕ್ಕೆ ಪಡೆದರು. ತಂದವರಿಗೆ ಕೂಲಿಯೂ ದೊರೆಯಿತು. ಸ್ಥಾವರವಂತೂ ಹಳೆಯದೇ. ಬದಲಾದದ್ದು ಪ್ರಶ್ನೆ ಕೇಳುವವರು.

ಸೆಲ್ಕೊ ಸಂಸ್ಥೆಯ ಕಥೆಯೂ ಇದನ್ನೇ ಹೇಳುತ್ತದೆ. ಬಡವರ ಮನೆಗೆ ಸೌರದೀಪ ಮುಟ್ಟಿಸಲೆಂದು 1995ರಲ್ಲಿ ಈ ಸಂಸ್ಥೆ ಬೆಂಗಳೂರಿನಲ್ಲಿ ಆರಂಭವಾಯಿತು. ಅದರ ಸ್ಥಾಪಕರಲ್ಲಿ ಒಬ್ಬರಾದ, 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಹರೀಶ್ ಹಂದೆಯವರು ಬೀದಿಬದಿಯ ವ್ಯಾಪಾರಿಯೊಬ್ಬಳಿಂದ ತಾವು ಕಲಿತ ಪಾಠವನ್ನು ಹಲವೆಡೆ ಹೇಳಿಕೊಂಡಿದ್ದಾರೆ. ತಿಂಗಳಿಗೆ 300 ರೂಪಾಯಿ ಕಟ್ಟುವುದು ತನ್ನಿಂದಾಗದು, ದಿನಕ್ಕೆ 10 ರೂಪಾಯಿಯಾದರೆ ಕಟ್ಟಬಲ್ಲೆ ಎಂದಳಂತೆ ಆಕೆ. ಬ್ಯಾಂಕಿನ ಗಣಿತದಲ್ಲಿ ಎರಡೂ ಒಂದೇ. ದಿನದ ಗಳಿಕೆಯನ್ನು ದಿನವೇ ಉಣ್ಣುವ ಸಂಸಾರದಲ್ಲಿ ಅವೆರಡೂ ಬೇರೆ ಬೇರೆ. ಹಂದೆಯವರು ಐಐಟಿಯಲ್ಲಿ ಓದಿದವರು, ಅಮೆರಿಕದಲ್ಲಿ ಡಾಕ್ಟರೇಟ್ ಪಡೆದವರು. ದೀಪದ ತಂತ್ರ ಅವರಿಗೆ ಗೊತ್ತಿತ್ತು. ದೀಪ ಉರಿಯುವಂತೆ ಮಾಡುವ ಜ್ಞಾನ ಆಕೆಯಲ್ಲಿತ್ತು. ಕೇಳುವ ವಿನಯ ಅವರಿಗಿತ್ತು, ಅದು ಅವರ ದೊಡ್ಡತನ. ಆದರೆ ಒಬ್ಬ ವ್ಯಕ್ತಿಯ ವಿನಯವನ್ನು ನಂಬಿ ವ್ಯವಸ್ಥೆ ನಡೆಯಲಾಗದು. ಆಕೆ ಮೇಜಿನ ಆಚೆ ಬದಿಯಲ್ಲಿಯೂ ಕೂರುವಂತಾಗಬೇಕು.

ಬೆಂಗಳೂರಿನ ಕಸದ ವಿಷಯವೂ ಹಾಗೆಯೇ. ರಾಶಿಬಿದ್ದು ಕೊಳೆಯುವ ಕಸದಿಂದ ಹೊಮ್ಮುವ ಮೀಥೇನ್ ಅನಿಲ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಇಂಗಾಲದ ಡೈ ಆಕ್ಸೈಡ್‌ಗಿಂತ ಎಷ್ಟೋ ಪಟ್ಟು ಪ್ರಬಲ. ಚಿಂದಿ ಆಯುವ ಹೆಂಗಸು ಪ್ಲಾಸ್ಟಿಕ್ಕಿನ ಬಗೆಗಳನ್ನು ಬೆರಳಿನ ಸ್ಪರ್ಶದಿಂದ, ಮುದುರಿದಾಗ ಬರುವ ಸದ್ದಿನಿಂದ ಬೇರ್ಪಡಿಸುತ್ತಾಳೆ. ಹಸಿರು ದಳದಂಥ ಸಂಘಟನೆಗಳ ಬೆಂಬಲದಿಂದ ಆಯುವವರಲ್ಲಿ ಕೆಲವರು ಒಣಕಸ ಸಂಗ್ರಹ ಕೇಂದ್ರಗಳನ್ನು ಸ್ವತಃ ನಡೆಸುವವರಾದರು. ಆದರೆ ಕಸದ ಹೆಸರಿನಲ್ಲಿ ಹೂಡಿಕೆಯ ಹಣ ಬರುವಾಗ ಅದು ಮೊಬೈಲ್ ಆ್ಯಪ್ ಮಾಡಿದವನನ್ನು ಉದ್ಯಮಿ ಎನ್ನುತ್ತದೆ. ಈಕೆಯನ್ನು ಫಲಾನುಭವಿ ಎನ್ನುತ್ತದೆ. ಆ ಎರಡು ಪದಗಳ ನಡುವಿನ ಅಂತರವೇ ನನ್ನ ಈ ಲೇಖನದ ವಿಷಯ.

ಕೇವಲ ಮೆಗಾವಾಟ್ ಎಣಿಸುತ್ತ ಹೋದರೆ ಏನಾಗುತ್ತದೆಂಬುದಕ್ಕೆ ನವೋದ್ಯಮಕ್ಕಿಂತ ಎಷ್ಟೋ ದೊಡ್ಡದಾದ ಪಾವಗಡದ ಸೌರ ಉದ್ಯಾನವನ್ನು ನೋಡಬಹುದು. ಐದು ಗ್ರಾಮಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯ. ಭೂಮಿಯನ್ನು ಕಿತ್ತುಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮ. ಬರದ ಸೀಮೆಯ ರೈತನಿಗೆ ಅದರಿಂದ ಉಸಿರು ಬಂತು. ಆದರೆ ಆ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿಯಿಲ್ಲದವನಿಗೆ, ಕುರಿ ಮೇಯಿಸುತ್ತಿದ್ದವನಿಗೆ ಗುತ್ತಿಗೆಯ ಹಣ ಎಲ್ಲಿಂದ ಬರಬೇಕು? ಪಹಣಿಯಲ್ಲಿ ಹೆಸರಿಲ್ಲದವನ ನಷ್ಟ ಯಾವ ಕಡತದಲ್ಲಿಯೂ ನಷ್ಟವಾಗಿ ಕಾಣಿಸಲಿಲ್ಲ. ಶುದ್ಧ ವಿದ್ಯುತ್ತು ತಾನಾಗಿಯೇ ನ್ಯಾಯವಾಗುವುದಿಲ್ಲ.

ಮೂರನೆಯದು ಅಮೆರಿಕದ ಮಾತು. ಹೌದು, ಹವಾಮಾನ ಮತ್ತು ಶುದ್ಧ ಇಂಧನಕ್ಕೆ ಸಂಬಂಧಿಸಿದ ಕೆಲವು ಸರ್ಕಾರಿ ಹೂಡಿಕೆಗಳ ಲಾಭದಲ್ಲಿ ನೂರಕ್ಕೆ 40ರಷ್ಟು ಹಿಂದುಳಿದ ಸಮುದಾಯಗಳಿಗೆ ತಲುಪಬೇಕೆಂದು ಅಲ್ಲಿ 2021ರಲ್ಲಿ ಹೊರಡಿಸಿದ್ದ ಆದೇಶವನ್ನು 2025ರ ಜನವರಿಯಲ್ಲಿ ಹೊಸ ಸರ್ಕಾರ ರದ್ದುಪಡಿಸಿತು. ಅಟ್ಲಾಂಟಾ ನಗರದ ಫಿಯರ್‌ಲೆಸ್ ಫಂಡ್ ಎಂಬ ನಿಧಿ ಕಪ್ಪು ಮಹಿಳೆಯರ ಉದ್ಯಮಗಳಿಗೆ 20,000 ಡಾಲರ್ ಅನುದಾನ ಕೊಡುವ ಸ್ಪರ್ಧೆ ನಡೆಸುತ್ತಿತ್ತು. ಅದು ಜನಾಂಗಭೇದವೆಂದು 2023ರಲ್ಲಿ ಮೊಕದ್ದಮೆ ಬಿತ್ತು, 2024ರಲ್ಲಿ ಮೇಲ್ಮನವಿ ನ್ಯಾಯಾಲಯ ತಡೆಯೊಡ್ಡಿತು, ಅದೇ ವರ್ಷ ರಾಜಿಯಾಗಿ ಸ್ಪರ್ಧೆ ಮುಚ್ಚಿಹೋಯಿತು. ಆ ದೇಶದಲ್ಲಿ ಸಾಹಸ ಬಂಡವಾಳದ ಪ್ರತಿ ನೂರು ಡಾಲರಿನಲ್ಲಿ ಕೇವಲ ಮಹಿಳೆಯರೇ ಸ್ಥಾಪಿಸಿದ ಉದ್ಯಮಗಳಿಗೆ ಹೋಗುವುದು ಸುಮಾರು ಎರಡು ಡಾಲರ್. 2023ರಲ್ಲಿ ಕಪ್ಪು ಜನರ ಉದ್ಯಮಗಳಿಗೆ ಒಂದು ಡಾಲರೂ ಪೂರ್ತಿಯಾಗಿ ಹೋಗಿರಲಿಲ್ಲ. ತೊಂಬತ್ತೆಂಟರ ಬಗ್ಗೆ ಯಾರೂ ನ್ಯಾಯಾಲಯಕ್ಕೆ ಹೋಗಲಿಲ್ಲ. ಆ ದೇಶ ಕೈಬಿಟ್ಟಿತೆಂಬುದು ನಮಗೆ ವಾದವಲ್ಲ, ಎಚ್ಚರಿಕೆ. ನಮ್ಮ ಸಂವಿಧಾನದ 15ನೆಯ ವಿಧಿಯೇ ಮಹಿಳೆಯರಿಗಾಗಿ, ಹಿಂದುಳಿದವರಿಗಾಗಿ ವಿಶೇಷ ಏರ್ಪಾಡು ಮಾಡಲು ಅನುಮತಿ ಕೊಟ್ಟಿದೆ. ಅದಕ್ಕೂ ಮುಂಚೆ, 1918ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಮೈಸೂರು ಸರ್ಕಾರ ಹಿಂದುಳಿದವರ ಪ್ರಾತಿನಿಧ್ಯಕ್ಕಾಗಿ ಮಿಲ್ಲರ್ ಸಮಿತಿಯನ್ನು ನೇಮಿಸಿದಾಗಲೂ ಅರ್ಹತೆ ಕೆಡುತ್ತದೆಂಬ ಕೂಗು ಎದ್ದಿತ್ತು. ಮೈಸೂರಿನ ಆಡಳಿತ ಅದರಿಂದ ಕುಸಿದು ಬೀಳಲಿಲ್ಲ.

ನನ್ನ ಎದುರಾಳಿಗಳ ಪಕ್ಷದಲ್ಲಿರುವ ಸತ್ಯವನ್ನೂ ಒಪ್ಪಿಕೊಳ್ಳಬೇಕು. ವೈವಿಧ್ಯವೆಂಬುದು ಅನೇಕ ಕಡೆ ಕರಪತ್ರದ ಮೇಲಿನ ಒಂದು ಛಾಯಾಚಿತ್ರವಾಗಿಬಿಟ್ಟಿದೆ. ಅದೇ ಶ್ರೀಮಂತ ಬಡಾವಣೆಯ, ಅದೇ ಕಾಲೇಜಿನ ಹೆಣ್ಣುಮಗಳೊಬ್ಬಳನ್ನು ಸಾಲಿನಲ್ಲಿ ನಿಲ್ಲಿಸಿ ಕರ್ತವ್ಯ ಮುಗಿಯಿತೆನ್ನುವವರಿದ್ದಾರೆ. ಆಕೆಗೂ ಅನ್ಯಾಯವಾಗಿದೆ, ನಿಜ. ಆದರೆ ಸಂತೆಯ ತಾಯಿಯ ಪ್ರತಿನಿಧಿ ಆಕೆಯಲ್ಲ. ಹಾಗೆಯೇ, ಹೊಸ ಬ್ಯಾಟರಿಯ ರಸಾಯನವನ್ನು ಮತ ಹಾಕಿ ನಿರ್ಧರಿಸಲಾಗದು. ಅದಕ್ಕೆ ಪ್ರಯೋಗಾಲಯ ಬೇಕು, ವರ್ಷಗಳ ವಿದ್ಯೆ ಬೇಕು. ಕೆಲಸಕ್ಕೆ ಬಾರದ ಯಂತ್ರಕ್ಕೆ, ಅದನ್ನು ಬಡವನೇ ಮಾಡಿದ್ದರೂ, ಹಣ ಕೊಡಬೇಕೆಂದು ನಾನು ಕೇಳುತ್ತಿಲ್ಲ. ಪೆಟ್ಟಿಗೆಯನ್ನು ತೆರೆದು ನೋಡಿ, ಅದು ಕೆಲಸ ಮಾಡದಿದ್ದರೆ ಮಾಡದೆಂದು ಹೇಳಿ ಕಳಿಸಿ. ತೆರೆಯದೆ ಕಳಿಸಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುವ ಸಂಗತಿ. 2016ರಲ್ಲಿ ಕೇಂದ್ರ ಸರ್ಕಾರ ಮೂರೇ ತಿಂಗಳ ಅಂತರದಲ್ಲಿ ಎರಡು ಯೋಜನೆಗಳನ್ನು ಉದ್ಘಾಟಿಸಿತು. ಜನವರಿಯಲ್ಲಿ ಸ್ಟಾರ್ಟ್‌ಅಪ್ ಇಂಡಿಯಾ. ಅದರ ಭಾಗವಾಗಿ ಸಾಹಸ ಬಂಡವಾಳ ನಿಧಿಗಳ ಮೂಲಕ ನವೋದ್ಯಮಗಳಲ್ಲಿ ಹೂಡಲು 10,000 ಕೋಟಿ ರೂಪಾಯಿಗಳ ನಿಧಿ. ಏಪ್ರಿಲ್‌ನಲ್ಲಿ ಸ್ಟ್ಯಾಂಡ್‌ಅಪ್ ಇಂಡಿಯಾ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳವರಿಗೆ ಮತ್ತು ಮಹಿಳೆಯರಿಗೆ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಬ್ಯಾಂಕ್ ಸಾಲ. ವ್ಯತ್ಯಾಸವನ್ನು ಗಮನಿಸಿದಿರಾ? ಒಂದು ಬಾಗಿಲಲ್ಲಿ ಬಂಡವಾಳ, ಇನ್ನೊಂದು ಬಾಗಿಲಲ್ಲಿ ಸಾಲ. ಬಂಡವಾಳ ಪಡೆದವನ ಉದ್ಯಮ ಮುಳುಗಿದರೆ ಹೂಡಿದವನ ಹಣ ಹೋಗುತ್ತದೆ. ಸೋತವನು ಅನುಭವಿಯೆನಿಸಿಕೊಂಡು ಎರಡನೆಯ ಉದ್ಯಮ ತೆರೆಯುತ್ತಾನೆ. ಸಾಲ ಪಡೆದವಳ ಉದ್ಯಮ ಮುಳುಗಿದರೆ ಕಂತು ನಿಲ್ಲುವುದಿಲ್ಲ; ಒಡವೆ ಹೋಗುತ್ತದೆ, ಮನೆ ಹೋಗುತ್ತದೆ, ಮಾನ ಹೋಗುತ್ತದೆ. ಪ್ರಯೋಗವೆಂದರೆ ಸೋಲುವ ಸಾಧ್ಯತೆ. ಸೋಲುವ ಹಕ್ಕನ್ನು ಉಳ್ಳವರಿಗೆ ಮಾತ್ರ ಕೊಟ್ಟು, ಬಡವರು ಹೊಸದನ್ನು ಕಂಡುಹಿಡಿಯುವುದಿಲ್ಲವೆಂದು ದೂರುವುದು ಯಾವ ನ್ಯಾಯ?

ಪರಿಶಿಷ್ಟ ಜಾತಿಗಳ ಉದ್ಯಮಿಗಳಿಗಾಗಿ ಪ್ರತ್ಯೇಕ ಬಂಡವಾಳ ನಿಧಿಯೊಂದು 2015ರಲ್ಲಿ ಆರಂಭವಾಗಿದೆ ಎಂಬುದನ್ನು ಹೇಳದಿದ್ದರೆ ತಪ್ಪಾದೀತು. ಕರ್ನಾಟಕ ಸರ್ಕಾರ ತನ್ನ ಎಲಿವೇಟ್ ಯೋಜನೆಯಲ್ಲಿ ಹಿಂದಿರುಗಿಸಬೇಕಿಲ್ಲದ ಅನುದಾನವನ್ನೇ ಕೊಡುತ್ತಿದ್ದು, ಪರಿಶಿಷ್ಟರಿಗಾಗಿ ಅದರಲ್ಲಿ ಉನ್ನತಿ ಎಂಬ ವಿಭಾಗವನ್ನು ತೆರೆದದ್ದು ಸರಿಯಾದ ದಾರಿ. ಆದರೆ ಜಗಲಿಯಲ್ಲಿ ಕುಳಿತಿದ್ದ ನಮ್ಮ ಹುಡುಗಿ ಅಲ್ಲಿಯೂ ಹೊರಗೆ. ಅವಳ ಕುಟುಂಬ ದಲಿತ ಕ್ರೈಸ್ತ ಕುಟುಂಬ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಕ್ರೈಸ್ತರಾದ ದಲಿತರು ಪರಿಶಿಷ್ಟ ಜಾತಿಗೆ ಸೇರುವುದಿಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ತೆರೆದ ಬಾಗಿಲು ನಮಗೆ ತೆರೆದಿಲ್ಲ. ಸಂತೆಯ ಕಣ್ಣಿಗೆ ಅವಳು ದಲಿತಳು. ಯೋಜನೆಯ ಕಡತಕ್ಕೆ ಅವಳು ಕ್ರೈಸ್ತಳು.

ಸರ್ಕಾರವನ್ನು ದೂರಿ ಇಲ್ಲಿಗೆ ಮುಗಿಸಿದರೆ ನನಗೂ ಸುಲಭ, ನಿಮಗೂ ಹಿತ. ಆದರೆ ನಮ್ಮ ಕೈಯಲ್ಲಿಯೇ ಇರುವ ಬಾಗಿಲುಗಳ ಮಾತೇನು? ನಮ್ಮ ಶಾಲೆ, ಕಾಲೇಜು, ಆಸ್ಪತ್ರೆಗಳ ಛಾವಣಿಯ ಮೇಲೆ ಸೌರಫಲಕಗಳು ಬರುತ್ತಿವೆ. ಆ ಕೆಲಸದಲ್ಲಿ ನಮ್ಮ ತಾಂತ್ರಿಕ ತರಬೇತಿ ಕೇಂದ್ರಗಳಲ್ಲಿ ಕಲಿತ ಬಡ ಮಕ್ಕಳಿಗೆ ಒಂದು ಪಾಲು ಕೊಟ್ಟಿದ್ದೇವೆಯೇ? ನಮ್ಮ ಕಾಲೇಜುಗಳ ನವೋದ್ಯಮ ಕೇಂದ್ರಗಳಲ್ಲಿ ಆಯ್ಕೆ ಸಮಿತಿಯ ಕುರ್ಚಿಗಳಲ್ಲಿ ಕುಳಿತವರು ಯಾರು? ಒಬ್ಬ ರೈತ, ಒಬ್ಬ ಮೀನುಗಾರ್ತಿ, ಸ್ತ್ರೀ ಸಂಘದ ಒಬ್ಬ ತಾಯಿ ಅಲ್ಲಿದ್ದಾರೆಯೇ? ನಮ್ಮ ಪತ್ತಿನ ಸಂಘಗಳು ಮದುವೆಗೆ, ಮನೆಗೆ ಸಾಲ ಕೊಡುತ್ತವೆ, ಒಳ್ಳೆಯದು. ಪ್ರಯೋಗವೊಂದು ಸೋತರೂ ಮನೆ ಮುಳುಗದಂತೆ ನಿಲ್ಲುವ ಚಿಕ್ಕದೊಂದು ನಿಧಿಯನ್ನು ನಾವು ಏಕೆ ಕಟ್ಟಬಾರದು? 2015ರಲ್ಲಿ ಜಗದ್ಗುರು ಫ್ರಾನ್ಸಿಸರು 'ಲೌದಾತೊ ಸೀ' ವಿಶ್ವಪತ್ರದಲ್ಲಿ ಭೂಮಿಯ ಅಳಲನ್ನೂ ಬಡವರ ಅಳಲನ್ನೂ ಬೇರೆ ಬೇರೆಯಾಗಿ ಕೇಳಬೇಡಿರೆಂದು ತಿಳಿಸಿದರು. ಅವರು 2025ರಲ್ಲಿ ತೀರಿಕೊಂಡಾಗ ನಾವೆಲ್ಲ ಕಣ್ಣೀರಿಟ್ಟೆವು. ನಮ್ಮಲ್ಲಿ ಹಲವರು ಆ ಪತ್ರದ ನೆನಪಿಗೆ ಗಿಡ ನೆಟ್ಟಿದ್ದೇವೆ. ಗಿಡ ನೆಡುವುದು ಒಳ್ಳೆಯದೇ, ಕಷ್ಟವೂ ಅಲ್ಲ. ಕುರ್ಚಿ ಬಿಟ್ಟುಕೊಡುವುದು ಕಷ್ಟ.

ಆ ಹುಡುಗಿ ಈಗ ಏನು ಮಾಡುತ್ತಿದ್ದಾಳೆಂದು ನೀವು ಕೇಳಬಹುದು. ತಾಯಿಯ ಸ್ವಸಹಾಯ ಸಂಘದಿಂದ ಸಾಲ ಪಡೆದು ಮೂರು ಪೆಟ್ಟಿಗೆಗಳನ್ನು ಕಟ್ಟಿದ್ದಾಳೆ. ವಾರ ವಾರ ಕಂತು ಕಟ್ಟುತ್ತಿದ್ದಾಳೆ. ಈ ಬಾರಿಯ ಮಳೆಗಾಲ ಎಂದಿಗಿಂತ ದೀರ್ಘವಾಯಿತು. ಬಿಸಿಲಿಲ್ಲದೆ ಪೆಟ್ಟಿಗೆಗಳು ಎರಡು ತಿಂಗಳು ಖಾಲಿ ಬಿದ್ದಿದ್ದವು. ಕಂತು ಮಾತ್ರ ನಿಲ್ಲಲಿಲ್ಲ. ಮಳೆಗಾಲದಲ್ಲಿಯೂ ಕೆಲಸ ಮಾಡುವಂತೆ ಅದನ್ನು ತಿದ್ದುವ ಉಪಾಯ ಅವಳಿಗೆ ಹೊಳೆದಿದೆ. ಅದನ್ನು ಕಟ್ಟಿ ನೋಡುವ ಹಣ ಅವಳಲ್ಲಿಲ್ಲ.

ಪ್ರಿಯರೇ, ಬಂಡವಾಳ ಮುಖ ನೋಡುವುದಿಲ್ಲ ಎಂದವರು ಒಮ್ಮೆ ಬಂದು ಆ ಮೂರು ಪೆಟ್ಟಿಗೆಗಳನ್ನು ನೋಡಲಿ. ಜೊತೆಗೆ ನಾನೂ ಬರುತ್ತೇನೆ. ಪಾಲನಾ ಪರಿಷತ್ತಿನ ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದೊಂದು ವಿಷಯವನ್ನು ಈಗಾಗಲೇ ಬರೆದಿಟ್ಟಿದ್ದೇನೆ.